ಲ್ಯಾಪ್‌ಟಾಪ್ ತಿಂಗಳಿಗೆ ಎಷ್ಟಕ್ಕೆ ಬೀಳುತ್ತದೆ? ರಾಯಚೂರಿನಿಂದ ನನ್ನ ಲೆಕ್ಕ

ರಾಯಚೂರಿನ ಗಂಜ್ (ಎಪಿಎಂಸಿ ಮಾರುಕಟ್ಟೆ) ಹತ್ತಿರ ನನ್ನದೊಂದು ಸಣ್ಣ ಅಕೌಂಟ್ಸ್ ಆಫೀಸ್ ಇದೆ. ಅಡತ್ ಅಂಗಡಿ, ಹತ್ತಿ ಜಿನ್ನಿಂಗ್ ಮಿಲ್, ಒಂದೆರಡು ರೈಸ್ ಮಿಲ್, ಇವರ ಟ್ಯಾಲಿ (ಲೆಕ್ಕ ಬರೆಯುವ ಸಾಫ್ಟ್‌ವೇರ್) ಮತ್ತು ಜಿಎಸ್‌ಟಿ ಕೆಲಸ ನಮ್ಮದು. ಸೀಸನ್ ಬಂದರೆ ನಮ್ಮ ಹುಡುಗರು ಲ್ಯಾಪ್‌ಟಾಪ್ ಹಿಡಿದುಕೊಂಡು ಮಿಲ್ಲಿಗೇ ಹೋಗಿ ಕೂತು ಎಂಟ್ರಿ ಮಾಡುತ್ತಾರೆ. ಹೀಗಾಗಿ ಲ್ಯಾಪ್‌ಟಾಪ್ ಕೊಳ್ಳುವುದು, ರಿಪೇರಿ ಮಾಡಿಸುವುದು, ಮಾರುವುದು ನನಗೆ ಮಾಮೂಲಿ ಕೆಲಸ. ಪಾರ್ಟಿಗಳಿಗೆ ಇಡುವ ಹಾಗೆ ಪ್ರತಿ ಲ್ಯಾಪ್‌ಟಾಪಿಗೂ ಒಂದು ಲೆಡ್ಜರ್ ಇಟ್ಟಿದ್ದೇನೆ. ಚಾರ್ಜರ್ ಕೊಂಡರೂ ಅದರಲ್ಲಿ ಬೀಳುತ್ತದೆ.

ಯಾವ ಲ್ಯಾಪ್‌ಟಾಪ್ ತಗೋಬೇಕು ಅಂತ ಕೇಳುವವರೆಲ್ಲ ಮೊದಲು ನೋಡುವುದು ಅಂಗಡಿಯ ಬೆಲೆ. ನಾನು ನೋಡುವುದು ತಿಂಗಳ ಬೆಲೆ. ಲೆಕ್ಕ ಏನೂ ಕಷ್ಟ ಇಲ್ಲ. ಕೊಂಡ ಬೆಲೆಗೆ ಆಮೇಲೆ ಸುರಿದ ದುಡ್ಡನ್ನೆಲ್ಲ ಕೂಡಿಸಿ, ಮಾರಿದಾಗ ಕೈಗೆ ಬಂದದ್ದನ್ನು ಕಳೆದು, ಉಳಿದದ್ದನ್ನು ಎಷ್ಟು ತಿಂಗಳು ಇಟ್ಟುಕೊಂಡಿರೋ ಅಷ್ಟರಿಂದ ಭಾಗಿಸಿ. ಅದೇ ನಿಜವಾದ ಬೆಲೆ.

ನನ್ನ ಪುಸ್ತಕದಿಂದ ಮೂರು ಖಾತೆ ಇಲ್ಲಿ ಬಿಚ್ಚಿಡುತ್ತೇನೆ.

ಮೊದಲನೆಯದು ರಿಫರ್ಬಿಶ್ಡ್, ಅಂದರೆ ಬಳಸಿದ್ದನ್ನು ಸರಿಮಾಡಿ ಮತ್ತೆ ಮಾರುವ, ಥಿಂಕ್‌ಪ್ಯಾಡ್ ಟಿ480. 26,000ಕ್ಕೆ ಕೊಂಡದ್ದು. 8 ಜಿಬಿ ರ್‍ಯಾಮ್ ಸೇರಿಸಿದ್ದಕ್ಕೆ 1,800, ಹಿಂದಿನ ಬ್ಯಾಟರಿ ಬದಲಿಸಿದ್ದಕ್ಕೆ 3,400, ಕ್ಲೀನಿಂಗ್ ಮತ್ತು ಥರ್ಮಲ್ ಪೇಸ್ಟಿಗೆ (ಪ್ರೊಸೆಸರಿನ ಬಿಸಿ ಹೊರಹೋಗಲು ಹಚ್ಚುವ ಪೇಸ್ಟ್) ಎಲ್ಲಾ ಸೇರಿ 1,200. ಒಟ್ಟು 32,400. ಮೂರು ವರ್ಷ ದುಡಿಸಿ 14,000ಕ್ಕೆ ಮಾರಿದೆ. ತಿಂಗಳಿಗೆ ಬಿದ್ದದ್ದು ಸುಮಾರು 511 ರೂಪಾಯಿ.

ಎರಡನೆಯದು ಹೊಚ್ಚ ಹೊಸದು, ಶೋರೂಮಿನಲ್ಲಿ ಕಣ್ಣು ಕುಕ್ಕುವಂಥ ತೆಳ್ಳನೆಯ ಲ್ಯಾಪ್‌ಟಾಪ್. ಕಂಪನಿ ಹೆಸರು ಬೇಡ. 48,000 ಕೊಟ್ಟಿದ್ದೆವು. ವಾರಂಟಿ ಮುಗಿದ ಮೇಲೆ ಹಿಂಜ್ (ಪರದೆ ಮಡಚುವ ಕೀಲು) ಕಿತ್ತುಕೊಂಡು ಬಂತು, ಅದರ ಜೊತೆಗೆ ಬಾಡಿಯೂ ಸೀಳಿತು, ಅದಕ್ಕೆ 3,800. ಬ್ಯಾಟರಿಗೆ 3,200. ಅಡಾಪ್ಟರಿಗೆ 1,500. ಇದನ್ನೂ ಮೂರು ವರ್ಷಕ್ಕೇ ಮಾರಿದೆ, ಬಂದದ್ದು 12,500. ತಿಂಗಳಿಗೆ 1,222.

ಮೂರನೆಯದು ನನ್ನ ತಮ್ಮನದು. ಅವನು ಮದುವೆ ಫೋಟೊ, ವಿಡಿಯೊ ಎಡಿಟಿಂಗ್ ಮಾಡುತ್ತಾನೆ, ಅವನ ಲೆಕ್ಕವೂ ನನ್ನ ಹತ್ತಿರವೇ ಇರುತ್ತದೆ. ಮ್ಯಾಕ್‌ಬುಕ್ ಏರ್ ಎಂ1, 2020ರ ನವೆಂಬರಿನಲ್ಲಿ ಬಿಡುಗಡೆಯಾದ ಮಾಡೆಲ್. ಆಗ ಇದರ ಬೆಲೆ 92,900 ಇತ್ತು, ಇವನು ಮರುವರ್ಷ ಆಫರಿನಲ್ಲಿ 84,000ಕ್ಕೆ ತಗೊಂಡ. ಪೋರ್ಟು ಸಾಲದೆ ಯುಎಸ್‌ಬಿ ಹಬ್‌ಗೆ, ಕೇಬಲ್ಲಿಗೆ 2,500 ಹೋಯಿತು. ರಿಪೇರಿ ಖರ್ಚು ಏನೂ ಇಲ್ಲ. ನಾಲ್ಕು ವರ್ಷ ಬಿಟ್ಟು 34,000ಕ್ಕೆ ಮಾರಿದ. ತಿಂಗಳಿಗೆ 1,094.

ಈಗ ನೋಡಿ. ರಿಸೇಲ್ ಅಂದ ಕೂಡಲೇ ಎಲ್ಲರೂ ಮ್ಯಾಕ್ ಹೆಸರು ಹೇಳುತ್ತಾರೆ, ಸುಳ್ಳೇನಲ್ಲ, ನಾಲ್ಕು ವರ್ಷ ಆದ ಮೇಲೂ ಶೇ 40ರಷ್ಟು ಬೆಲೆ ಉಳಿಸಿಕೊಂಡಿತ್ತು. ತೆಳ್ಳನೆಯ ಲ್ಯಾಪ್‌ಟಾಪ್ ಮೂರೇ ವರ್ಷಕ್ಕೆ ಶೇ 26ಕ್ಕೆ ಇಳಿದಿತ್ತು. ಆದರೆ ತಿಂಗಳ ಲೆಕ್ಕಕ್ಕೆ ಬಂದರೆ ಎರಡೂ ಹೆಚ್ಚು ಕಡಿಮೆ ಒಂದೇ! ಯಾಕೆಂದರೆ 84,000ದಲ್ಲಿ ಶೇ 60 ಕಳೆದುಕೊಂಡರೂ ಅದು 50,000. ಶೇಕಡಾ ಲೆಕ್ಕ ಕೇಳೋಕೆ ಚೆಂದ, ಜೇಬಿನಿಂದ ಹೋಗುವುದು ರೂಪಾಯಿ. ಇದನ್ನು ಬಿಡಿಸಿ ಹೇಳಿದರೆ ಸುಮಾರು ಜನ ನಂಬುವುದಿಲ್ಲ, ಪೆನ್ನು ಹಿಡಿದು ಬರೆದು ತೋರಿಸಬೇಕಾಗುತ್ತದೆ. ಹಾಗಂತ ತಮ್ಮನಿಗೆ ಮ್ಯಾಕ್ ಬೇಡ ಅಂತ ನಾನು ಯಾವತ್ತೂ ಹೇಳಲಿಲ್ಲ. ವಿಡಿಯೊ ಕೆಲಸಕ್ಕೆ ಅದು ಅವನಿಗೆ ದುಡಿದು ಕೊಟ್ಟಿದೆ.

ಟಿ480 ಅಷ್ಟು ಅಗ್ಗಕ್ಕೆ ಬಿದ್ದದ್ದಕ್ಕೆ ಕಾರಣ ಇದೆ. ಬೆಂಗಳೂರು, ಹೈದರಾಬಾದಿನ ದೊಡ್ಡ ಕಂಪನಿಗಳು ಇಂಥ ಲ್ಯಾಪ್‌ಟಾಪುಗಳನ್ನು ಲೀಸಿಗೆ ತಗೊಂಡು, ಮೂರು ನಾಲ್ಕು ವರ್ಷಕ್ಕೆ ಒಟ್ಟಿಗೆ ಹೊರಗೆ ಹಾಕುತ್ತವೆ. ಬೆಲೆ ಜಾಸ್ತಿ ಬೀಳುವುದು ಮೊದಲ ವರ್ಷಗಳಲ್ಲಿ, ಆ ಪೆಟ್ಟು ಅವರೇ ತಿಂದಿರುತ್ತಾರೆ. ನಮ್ಮ ಕೈಗೆ ಬರುವ ಹೊತ್ತಿಗೆ ಬೆಲೆ ಇಳಿಯುವ ವೇಗ ಕಡಿಮೆ ಆಗಿರುತ್ತದೆ. ಜೊತೆಗೆ ಅದನ್ನು ಕಟ್ಟಿರುವುದೇ ಬಿಚ್ಚಿ ಸರಿಮಾಡುವ ಹಾಗೆ. ರ್‍ಯಾಮಿಗೆ ಎರಡು ಸ್ಲಾಟ್. ಬ್ಯಾಟರಿ ಎರಡು, ಒಂದು ಒಳಗೆ, ಇನ್ನೊಂದು ಹಿಂದೆ, ಅದನ್ನು ಸ್ಕ್ರೂಡ್ರೈವರ್ ಇಲ್ಲದೆ ಕೈಯಲ್ಲೇ ಲಾಚ್ ಸರಿಸಿ ತೆಗೆಯಬಹುದು. ಎಂ1 ಏರಿನಲ್ಲಿ ರ್‍ಯಾಮೂ ಸ್ಟೋರೇಜೂ ಬೋರ್ಡಿಗೇ ಬೆಸುಗೆ. ಕೊಳ್ಳುವ ದಿನ ಎಷ್ಟು ತಗೊಂಡಿರೋ ಕೊನೆತನಕ ಅಷ್ಟೇ.

ನಮ್ಮ ಕಡೆಯ ದೊಡ್ಡ ಖರ್ಚು ಯಾವುದು ಗೊತ್ತಾ? ಹತ್ತಿ ಧೂಳು ಮತ್ತು ಬಿಸಿಲು. ಒಂದು ಸೀಸನ್ ಜಿನ್ನಿಂಗ್ ಮಿಲ್ಲಿನಲ್ಲಿ ಇದ್ದ ಲ್ಯಾಪ್‌ಟಾಪ್ ಎಂಟ್ರಿ ಮಾಡುವಾಗಲೇ ಗುಂಯ್ ಅನ್ನುತ್ತಿತ್ತು, ಕೈ ಇಟ್ಟರೆ ಸುಡುತ್ತಿತ್ತು. ರಿಪೇರಿ ಹುಡುಗ ಹಿಂದಿನ ಕವರ್ ಬಿಚ್ಚಿ, ಫ್ಯಾನ್ ಎತ್ತಿ, ಬಿಸಿ ಹೊರಹಾಕುವ ಹೀಟ್‌ಸಿಂಕಿನ ಬಾಯಿಂದ ಚಿಮಟದಲ್ಲಿ ಎಳೆದ. ಬೆರಳುದ್ದದ ಬೂದಿ ಬಣ್ಣದ ಪಟ್ಟಿ, ಥೇಟ್ ಕಂಬಳಿ ತುಂಡಿನ ಹಾಗೆ, ಹರಿಯದೆ ಇಡಿಯಾಗಿ ಬಂತು. "ಅಕ್ಕಾರ, ಇದ್ರಾಗ ಗಾಳಿ ಎಲ್ಲಿಂದ ಹೋಗಬೇಕ್ರೀ?" ಅಂದ. ತೆಗೆದು, ಹೊಸ ಪೇಸ್ಟ್ ಹಚ್ಚಿ ಮುಚ್ಚಿದ. ಲ್ಯಾಪ್‌ಟಾಪ್ ತಣ್ಣಗಾಯಿತು. ಬರೀ ಆರುನೂರು ರೂಪಾಯಿ ಕೆಲಸ. ಇದನ್ನು ಮಾಡಿಸದೆ ಬಿಟ್ಟು, ಬಿಸಿಗೆ ಬೋರ್ಡ್ ಹೋದರೆ ಆ ಲ್ಯಾಪ್‌ಟಾಪಿನ ರಿಸೇಲ್ ಬೆಲೆ ಗುಜರಿ ಬೆಲೆ. ಅದಕ್ಕೆ ಈಗ ಮಿಲ್ಲಿಗೆ ಹೋಗುವವೆಲ್ಲ ಪ್ರತಿ ವರ್ಷ ಸೀಸನ್ ಮುಗಿದ ಮೇಲೆ ಕಡ್ಡಾಯವಾಗಿ ಬಿಚ್ಚಿಸಿಕೊಳ್ಳುತ್ತವೆ. ಬಳ್ಳಾರಿ, ತೋರಣಗಲ್ಲು ಕಡೆ ಅದಿರಿನ ಧೂಳಿನಲ್ಲಿ ಕೆಲಸ ಮಾಡುವವರಿಗೂ ಇದನ್ನೇ ಹೇಳುತ್ತೇನೆ. ತಮ್ಮನ ಮ್ಯಾಕ್‌ಬುಕ್ ಏರಿಗೆ ಫ್ಯಾನೇ ಇಲ್ಲ, ಎಳೆದುಕೊಳ್ಳುವ ಗಾಳಿಯೇ ಇಲ್ಲ ಅಂದಮೇಲೆ ಈ ಖರ್ಚೂ ಇಲ್ಲ.

ಬ್ಯಾಟರಿಗೆ ಬಿಸಿಲೇ ವೈರಿ. ಏಪ್ರಿಲ್, ಮೇನಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಆ ಸೆಕೆಯಲ್ಲಿ ದಿನವಿಡೀ ಚಾರ್ಜರ್ ಸಿಕ್ಕಿಸಿ 100ರಲ್ಲೇ ಇಟ್ಟರೆ ಲಿಥಿಯಂ ಬ್ಯಾಟರಿ ಬೇಗ ಸೊರಗುತ್ತದೆ. ಈಗಿನ ಸುಮಾರು ಲ್ಯಾಪ್‌ಟಾಪುಗಳಲ್ಲಿ ಚಾರ್ಜನ್ನು 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಇದೆ, ಆಫೀಸಿಗೆ ಬಂದ ಮೊದಲ ದಿನವೇ ಅದನ್ನು ಆನ್ ಮಾಡಿಬಿಡಿ. ಕರೆಂಟ್ ಬಿಲ್ ಬಗ್ಗೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. 30 ವ್ಯಾಟಿನ ಲ್ಯಾಪ್‌ಟಾಪ್ ದಿನಕ್ಕೆ 10 ತಾಸು, ವರ್ಷಕ್ಕೆ 300 ದಿನ ನಡೆದರೂ 90 ಯೂನಿಟ್ ಅಷ್ಟೇ.

ರಿಸೇಲಿನಲ್ಲಿ ಇನ್ನೊಂದು ಬಹಳ ಮುಖ್ಯ, ಅದು ವಿಂಡೋಸ್. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಹಾಕಬೇಕಾದರೆ ಇಂಟೆಲ್ ಪ್ರೊಸೆಸರ್ ಸಾಧಾರಣವಾಗಿ 8ನೇ ಜನರೇಷನ್ನಿನದು ಇಲ್ಲವೇ ಅದರ ಮೇಲಿನದು ಬೇಕು. ಟಿ470, ಟಿ480 ಪಕ್ಕಪಕ್ಕ ಇಟ್ಟರೆ ಹೊರಗಿನಿಂದ ಅಣ್ಣತಮ್ಮಂದಿರೇ. ಆದರೆ 470 ಇರುವುದು 6 ಮತ್ತು 7ನೇ ಜನರೇಷನ್ನಿನಲ್ಲಿ, 480 ಬಹುತೇಕ ಇರುವುದು 8ರಲ್ಲಿ. ಆ ಒಂದು ಅಂಕಿಯ ಮೇಲೆ ಬೆಲೆ ನಿಂತಿತು. ಈ ನಿಯಮ 2021ರಲ್ಲೇ ಗೊತ್ತಾಗಿತ್ತು, ಹಾಗಾಗಿ ನಮ್ಮ 470ಗಳನ್ನು ಗಡುವಿಗೆ ಬಹಳ ಮೊದಲೇ ಕೈ ಬಿಟ್ಟೆ. ಆ್ಯಪಲ್‌ನಲ್ಲೂ ಇದೇ ಕಥೆ. ಇಂಟೆಲ್ ಪ್ರೊಸೆಸರಿನ ಮ್ಯಾಕುಗಳಿಗೆ ಮ್ಯಾಕ್‌ಒಎಸ್‌ನ ಟಾಹೋ ಆವೃತ್ತಿಯೇ ಕೊನೆ ಅಂತ 2025ರಲ್ಲಿ ಹೇಳಿಬಿಟ್ಟರು. ಈಗ ಯಾರಾದರೂ ಇಂಟೆಲ್ ಮ್ಯಾಕ್ ಅಗ್ಗಕ್ಕೆ ಕೊಡ್ತೀನಿ ಅಂದರೆ ಅಗ್ಗ ಯಾಕೆ ಅಂತ ಗೊತ್ತಾಯಿತಲ್ವಾ?

ಎಲ್ಲಿ ಮಾರುತ್ತೀರಿ ಅನ್ನುವುದೂ ಬೆಲೆಯೇ. ತಮ್ಮನ ಮ್ಯಾಕನ್ನು ಇಲ್ಲಿ ತೋರಿಸಿದಾಗ ಬಂದವರೆಲ್ಲ ಕೇಳಿದ್ದು ಒಂದೇ, "ಇದ್ರಾಗ ಟ್ಯಾಲಿ ನಡೀತದೇನ್ರಿ?" ಟ್ಯಾಲಿ ಇರುವುದು ವಿಂಡೋಸಿಗೆ, ಕನ್ನಡ ಟೈಪಿಂಗಿನ ನುಡಿ ಸಾಫ್ಟ್‌ವೇರೂ ಹಾಗೇ. ಗಂಜಿನವರಿಗೆ, ಡಿಟಿಪಿ ಅಂಗಡಿಯವರಿಗೆ ಮ್ಯಾಕ್ ಯಾಕೆ ಬೇಕು? 27,000ದ ಮೇಲೆ ಯಾರೂ ಏರಲಿಲ್ಲ. ಹೈದರಾಬಾದ್ ನಮಗೆ ಬೆಂಗಳೂರಿಗಿಂತ ಹತ್ತಿರ, ಅಲ್ಲಿ ಅದೇ ಲ್ಯಾಪ್‌ಟಾಪಿಗೆ 34,000 ಸಿಕ್ಕಿತು. ಟಿ480ಗೆ ಇದರ ಉಲ್ಟಾ. ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಂಥ ಕಡೆ ಹಳೇ ಬಿಸಿನೆಸ್ ಲ್ಯಾಪ್‌ಟಾಪ್ ರಾಶಿ ಬಿದ್ದಿರುತ್ತವೆ, ಅಲ್ಲಿಗೆ ಒಯ್ದರೆ ಯಾರು ಕೇಳುತ್ತಾರೆ. ಇಲ್ಲಿ ಅದಕ್ಕೆ ಗಿರಾಕಿ ಇದ್ದಾರೆ. ಕಾಲೇಜು ಶುರುವಾಗುವ ಜೂನ್, ಜುಲೈ, ಆಗಸ್ಟಿನಲ್ಲಿ ಮಕ್ಕಳನ್ನು ಕರೆದುಕೊಂಡು ಅಪ್ಪಂದಿರು ಬರುತ್ತಾರೆ, ನಾನು ಮಾರುವುದು ಆಗಲೇ. ಬಿಲ್, ಒರಿಜಿನಲ್ ಚಾರ್ಜರ್, ಬ್ಯಾಟರಿ ರಿಪೋರ್ಟಿನ ಪ್ರಿಂಟ್ ಮೂರನ್ನೂ ಮುಂದಿಟ್ಟರೆ ಚೌಕಾಸಿ ಅರ್ಧಕ್ಕೆ ನಿಲ್ಲುತ್ತದೆ. ವಿಂಡೋಸಿನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು powercfg /batteryreport ಕಮಾಂಡ್ ಕೊಟ್ಟು ಅದು ಉಳಿಸುವ ಫೈಲ್ ತೆರೆದರೆ ಬ್ಯಾಟರಿ ಹೊಸದಿದ್ದಾಗ ಎಷ್ಟಿತ್ತು, ಈಗ ಎಷ್ಟು ಹಿಡಿಯುತ್ತದೆ ಎರಡೂ ಬರುತ್ತದೆ.

ಕೊಳ್ಳುವಾಗಲೂ ಅದೇ ರಿಪೋರ್ಟ್ ಕೇಳಿ. ರಿಫರ್ಬಿಶ್ಡ್ ಆದರೆ ಅಂಗಡಿಯಲ್ಲೇ ನಿಂತು ಪೂರ್ತಿ ರೀಸೆಟ್ ಮಾಡಿಸಿ, ನೆಟ್ ಕೊಟ್ಟು ಆನ್ ಮಾಡಿಸಿ. ಯಾವುದೋ ಕಂಪನಿಯ ಲಾಗಿನ್ ಕೇಳಿದರೆ ಅದು ಇನ್ನೂ ಹಳೇ ಮಾಲೀಕರ ಹಿಡಿತದಲ್ಲಿದೆ ಅಂತ ಅರ್ಥ, ಮುಟ್ಟಬೇಡಿ. ಬಯಾಸಿಗೆ (ವಿಂಡೋಸಿಗೂ ಮೊದಲು ಶುರುವಾಗುವ ಒಳಗಿನ ಸೆಟ್ಟಿಂಗ್) ಪಾಸ್‌ವರ್ಡ್ ಇದೆಯಾ ನೋಡಿ. ಮ್ಯಾಕ್ ಆದರೆ ಐಕ್ಲೌಡ್‌ನಿಂದ ಸೈನ್ ಔಟ್ ಮಾಡಿಸದೆ ದುಡ್ಡು ಕೊಡಬೇಡಿ.

ತೆರಿಗೆ ಲೆಕ್ಕವನ್ನು ಇದರಲ್ಲಿ ಬೆರೆಸಬೇಡಿ. ಆದಾಯ ತೆರಿಗೆಯಲ್ಲಿ ಕಂಪ್ಯೂಟರಿಗೆ ವರ್ಷಕ್ಕೆ ಶೇ 40 ಸವಕಳಿ, 60,000ದ ಲ್ಯಾಪ್‌ಟಾಪ್ ಮೂರು ವರ್ಷಕ್ಕೆ ಪುಸ್ತಕದಲ್ಲಿ 12,960ಕ್ಕೆ ಬರುತ್ತದೆ. ಅದು ಪುಸ್ತಕದ ಬೆಲೆ, ಗಿರಾಕಿ ಕೊಡುವ ಬೆಲೆ ಬೇರೆ. ಜಿಎಸ್‌ಟಿ ನೋಂದಣಿ ಇದ್ದವರು ಕೊಳ್ಳುವಾಗ ಕೊಟ್ಟ ಶೇ 18 ಜಿಎಸ್‌ಟಿಗೆ ಕ್ರೆಡಿಟ್ ತಗೊಂಡು ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ಆದರೆ ಮಾರುವಾಗ ತೆರಿಗೆ ಕಟ್ಟಬೇಕಾಗುತ್ತದೆ ಅನ್ನುವುದು ನೆನಪಿರಲಿ. ಮೇಲಿನ ಮೂರು ಖಾತೆಯಲ್ಲಿ ನಾನು ಕ್ರೆಡಿಟ್ ಬಿಟ್ಟು ಪೂರ್ತಿ ಬೆಲೆ ಬರೆದಿದ್ದೇನೆ, ಮನೆಗೆ ಕೊಳ್ಳುವವರಿಗೂ ಹೋಲಿಸಲು ಸುಲಭ ಆಗಲಿ ಅಂತ.

ಲೆಡ್ಜರಿನಲ್ಲಿ ಬರದ ಖರ್ಚು ಒಂದಿದೆ. ಆ ತೆಳ್ಳನೆಯ ಲ್ಯಾಪ್‌ಟಾಪ್ ಹಿಂಜ್ ಮುರಿದುಕೊಂಡದ್ದು ಜಿಎಸ್‌ಟಿಯ 3ಬಿ ರಿಟರ್ನ್ ತುಂಬುವ 20ನೇ ತಾರೀಖಿನ ಹತ್ತಿರ. ಆ ಮಾಡೆಲ್ಲಿನ ಹಿಂಜ್ ಊರಲ್ಲಿ ಯಾರ ಹತ್ತಿರವೂ ಇರಲಿಲ್ಲ, ತರಿಸಬೇಕಾಯಿತು. ಅಷ್ಟರ ತನಕ ಒಂದೇ ಮೇಜಿನ ಮೇಲೆ ಇಬ್ಬರು ಪಾಳಿ ಹಚ್ಚಿ, ರಾತ್ರಿ ಕೂತು ರಿಟರ್ನ್ ಮುಗಿಸಿದರು. ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಬಾಕಿಗೆ ವರ್ಷಕ್ಕೆ ಶೇ 18 ಬಡ್ಡಿ, ಅದಕ್ಕಿಂತ ಹೆಚ್ಚಾಗಿ ಪಾರ್ಟಿಯ ಹತ್ತಿರ ನಮ್ಮ ಮಾತು ಹೋಗುತ್ತದೆ. ಆವತ್ತಿನಿಂದ ಹೊಸ ಮಾಡೆಲ್ ಯಾವುದೇ ಇರಲಿ, ದುಡ್ಡು ಕೊಡುವ ಮೊದಲು ರಿಪೇರಿ ಹುಡುಗನಿಗೆ ಫೋನ್ ಮಾಡಿ ಇದರ ಹಿಂಜ್, ಕೀಬೋರ್ಡ್, ಬ್ಯಾಟರಿ ಸಿಗುತ್ತವಾ ಅಂತ ಕೇಳುತ್ತೇನೆ.

ಮುಂದಿನ ಹತ್ತಿ ಸೀಸನ್ನಿಗೆ ನೋಡುತ್ತಿರುವುದು ಥಿಂಕ್‌ಪ್ಯಾಡ್ ಟಿ14 ಜೆನ್ 2. ಒಂದಷ್ಟು ರ್‍ಯಾಮ್ ಬೆಸುಗೆ, ಆದರೆ ಒಂದು ಸ್ಲಾಟ್ ಖಾಲಿ ಸಿಗುತ್ತದೆ. ಬ್ಯಾಟರಿ ಒಳಗೇ ಇದ್ದರೂ ಸ್ಕ್ರೂ ಬಿಚ್ಚಿ ಬದಲಿಸಬಹುದು. ಬೆಲೆ ಇನ್ನೂ ಸ್ವಲ್ಪ ಇಳಿಯಲಿ ಅಂತ ಕಾಯುತ್ತಿದ್ದೇನೆ. ಅಲ್ಲಿಯವರೆಗೆ ಇರುವ 480ಗಳೇ ಮಿಲ್ಲಿಗೆ ಹೋಗುತ್ತವೆ.