ಬೆಳಕಿಗೆ ಬೆಳಕು ಅಡ್ಡ ಬಂದರೆ ಏನಾಗುತ್ತದೆ? ಮಾಡಿ ನೋಡಿ

ಎರಡು ಟಾರ್ಚ್, ಆಚೆ ಬದಿ ಕಾಣುವಂಥ ಕೆಂಪು ಮತ್ತು ಹಸಿರು ಹಾಳೆ, ಬಿಳಿ ಗೋಡೆ, ಕತ್ತಲೆ ಕೋಣೆ. ಶುರು ಮಾಡಲು ಇಷ್ಟು ಸಾಕು.

ಒಂದು ಟಾರ್ಚಿಗೆ ಕೆಂಪು ಹಾಳೆ, ಇನ್ನೊಂದಕ್ಕೆ ಹಸಿರು ಸುತ್ತಿ. ಅವನ್ನು ದೂರ ದೂರ ಇಟ್ಟು, ಗೋಡೆ ಮುಟ್ಟುವ ಮೊದಲೇ ಬೆಳಕುಗಳು ಒಂದನ್ನೊಂದು ದಾಟುವ ಹಾಗೆ ತಿರುಗಿಸಿ. ಈಗ ಹಸಿರು ಟಾರ್ಚ್ ಆರಿಸಿ, ಮತ್ತೆ ಹಚ್ಚಿ, ಬೇಕಾದಷ್ಟು ಸಲ ಮಾಡಿ. ಗೋಡೆ ಮೇಲಿನ ಕೆಂಪು ಅಲ್ಲಾಡುವುದಿಲ್ಲ, ಮಂಕಾಗುವುದಿಲ್ಲ, ದಾರಿಯಲ್ಲಿ ಇನ್ನೊಂದು ಬೆಳಕು ಸಿಕ್ಕಿತ್ತು ಅನ್ನುವ ಗುರುತೇ ಅದರಲ್ಲಿ ಇರುವುದಿಲ್ಲ.

ನಂತರ ಎರಡನ್ನೂ ಒಂದೇ ಜಾಗಕ್ಕೆ ಬಿಡಿ. ಹಳದಿ! ಇದೇನೂ ಹೊಸ ಬೆಳಕಲ್ಲ. ಕೆಂಪು, ಹಸಿರು ಒಟ್ಟಿಗೆ ಕಣ್ಣಿಗೆ ಬಂದರೆ ನಮಗೆ ಹಾಗೆ ಕಾಣುತ್ತದೆ, ಅಷ್ಟೇ.

ಹಾಗಾದರೆ ಬೆಳಕಿಗೂ ಬೆಳಕಿಗೂ ಸಂಬಂಧವೇ ಇಲ್ವಾ? ಇದೆ. ಅದನ್ನು ನೋಡಲು 1 ಮಿಲಿವ್ಯಾಟ್‌ಗಿಂತ ಕಡಿಮೆಯ ಕೆಂಪು ಲೇಸರ್ ಪಾಯಿಂಟರ್ ಬೇಕು (ಯಾರ ಕಣ್ಣಿಗೂ, ಕನ್ನಡಿಗೂ ಬಿಡಬೇಡಿ, ಇದರಲ್ಲಿ ತಮಾಷೆ ಬೇಡ). ಅದರ ಬಾಯಿಗೆ ಅಡ್ಡಲಾಗಿ ಒಂದು ತಲೆಕೂದಲು ಅಂಟಿಸಿ, 2 ಮೀಟರ್ ದೂರದ ಗೋಡೆಗೆ ಬಿಡಿ. ಚುಕ್ಕೆಯ ಎರಡೂ ಕಡೆ ಸಾಲಾಗಿ ಕೆಂಪು, ಕಪ್ಪು ಪಟ್ಟೆ ಮೂಡುತ್ತವೆ. ಕೂದಲಿನ ಎರಡೂ ಬದಿಯಿಂದ ಬಾಗಿ ಬಂದ ಬೆಳಕಿನ ಅಲೆಗಳು ಗೋಡೆಯ ಮೇಲೆ ಸೇರುತ್ತವೆ. ಉಬ್ಬಿಗೆ ಉಬ್ಬು ಸೇರಿದ ಕಡೆ ಬೆಳಕು ಜಾಸ್ತಿ, ಉಬ್ಬಿಗೆ ತಗ್ಗು ಸೇರಿದ ಕಡೆ ಕತ್ತಲು. ಆ ಬೆಳಕೇನೂ ಕಳೆದುಹೋಗಿಲ್ಲ, ಪಕ್ಕದ ಪಟ್ಟೆಗೆ ಹೋಗಿದೆ.

ಸ್ಕೇಲ್ ಇದ್ದರೆ ಕೂದಲಿನ ದಪ್ಪವನ್ನೂ ಅಳೆಯಬಹುದು, ನನಗೆ ಇಷ್ಟವಾದ ಭಾಗ ಇದೇ. ಲೇಸರಿನ ಅಲೆಯುದ್ದವನ್ನು (ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗಿರುವ ದೂರ) ಗೋಡೆಯ ದೂರದಿಂದ ಗುಣಿಸಿ, ಒಂದೇ ಬದಿಯ ಎರಡು ಕಪ್ಪು ಪಟ್ಟೆಗಳ ನಡುವಿನ ಅಂತರದಿಂದ ಭಾಗಿಸಿ. ಅಲೆಯುದ್ದ 650 ನ್ಯಾನೊಮೀಟರ್, ಅಂತರ 18.5 ಮಿಲಿಮೀಟರ್ ಆದರೆ ಕೂದಲು ಸುಮಾರು 0.07 ಮಿಲಿಮೀಟರ್ ದಪ್ಪ.

ಇಂಗ್ಲೆಂಡಿನ ವಿಜ್ಞಾನಿ ಥಾಮಸ್ ಯಂಗ್ 1803ರಲ್ಲಿ ಬಿಸಿಲಿನ ಸಣ್ಣ ಕಿರಣಕ್ಕೆ ತೆಳು ಕಾರ್ಡ್ ಅಡ್ಡ ಹಿಡಿದು ಇಂಥದನ್ನೇ ತೋರಿಸಿದ್ದ. ಒಂದು ಬದಿಯ ಬೆಳಕನ್ನು ತಡೆದರೆ ಸಾಕು, ಕಾರ್ಡಿನ ನೆರಳಿನೊಳಗಿನ ಪಟ್ಟೆಗಳು ಮಾಯ! ಎರಡು ಟಾರ್ಚುಗಳಲ್ಲಿ ಇದು ಕಾಣುವುದಿಲ್ಲ, ಯಾಕೆಂದರೆ ಅವುಗಳ ಅಲೆಗಳಿಗೆ ಹೊಂದಿಕೆಯೇ ಇಲ್ಲ, ಪಟ್ಟೆಗಳು ಕಣ್ಣಿಗೆ ಸಿಗದಷ್ಟು ಬೇಗ ಜಾಗ ಬದಲಿಸುತ್ತವೆ.

ಇನ್ನು ಬೆಳಕಿನ ಕಣಗಳು ಒಂದನ್ನೊಂದು ನಿಜವಾಗಿ ಚದುರಿಸುವುದೂ ಉಂಟು, ಆದರೆ ತೀರಾ ಅಪರೂಪ. ಜಿನೀವಾ ಹತ್ತಿರದ ಕಣಭೌತ ಪ್ರಯೋಗಾಲಯ ಸರ್ನ್‌ನ ಅಟ್ಲಾಸ್ ಪ್ರಯೋಗದಲ್ಲಿ ಸೀಸದ ಪರಮಾಣುಗಳ ನಡುಭಾಗವಾದ ನ್ಯೂಕ್ಲಿಯಸ್‌ಗಳನ್ನು ಬೆಳಕಿನ ವೇಗದ ಹತ್ತಿರಕ್ಕೆ ಓಡಿಸಿ, ಒಂದರ ಪಕ್ಕ ಇನ್ನೊಂದು ಹಾದುಹೋಗುವಾಗ ಇದನ್ನು ಹುಡುಕಿದರು; ಅಷ್ಟು ವೇಗದಲ್ಲಿ ಅವುಗಳ ಸುತ್ತಲಿನ ವಿದ್ಯುತ್ ಕ್ಷೇತ್ರ ಬೆಳಕಿನ ಕಣಗಳ ಹಾಗೆಯೇ ವರ್ತಿಸುತ್ತದೆ. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹಾಗೆ ಕಂಡ ಘಟನೆಗಳು ಬರೀ 13.