ಸಿಸಿಟಿವಿ ವಿಡಿಯೊ: ಜೂಮ್ ಆಮೇಲೆ, ಮೊದಲು ಟೈಮ್ ನೋಡಿ

ವಿಡಿಯೊ ಪರೀಕ್ಷೆ ಮಾಡುವವನು ಅಂತ ಗೊತ್ತಾದರೆ ಸಾಕು, ಎಲ್ಲರೂ ಕೇಳುವುದು ಒಂದೇ: "ಸ್ವಲ್ಪ ಜೂಮ್ ಮಾಡಿ ನಂಬರ್ ಪ್ಲೇಟ್ ತೆಗೆದುಕೊಡಿ ಸಾರ್." ವಕೀಲರು ಕೇಳುತ್ತಾರೆ, ಇನ್ಶೂರೆನ್ಸ್‌ನವರು ಕೇಳುತ್ತಾರೆ, ಠಾಣೆಯಿಂದ ಬಂದವರೂ ಕೇಳುತ್ತಾರೆ. ನಾನು ಮೊದಲು ಕೇಳುವುದೇ ಬೇರೆ. ಆ ಡಿವಿಆರ್‌ನಲ್ಲಿ (ಕ್ಯಾಮೆರಾದ ವಿಡಿಯೊ ಉಳಿಸಿಡುವ ಪೆಟ್ಟಿಗೆ) ಈಗ ಟೈಮ್ ಎಷ್ಟು ತೋರಿಸ್ತಿದೆ? ಅದನ್ನು ಯಾರಾದರೂ ಬರೆದಿಟ್ಟಿದ್ದಾರಾ?

ಬಹಳ ಸಲ ಇದಕ್ಕೆ ಉತ್ತರವೇ ಇರುವುದಿಲ್ಲ. ಪಾಟಿ ಸವಾಲಿನಲ್ಲಿ ಎದುರು ವಕೀಲರು ಕೈ ಹಾಕುವುದೂ ಇಲ್ಲಿಗೇ. ಮುಖ ಸ್ಪಷ್ಟವಾಗಿ ಕಂಡರೂ, ಆ ಹೊತ್ತಿಗೆ ಆತ ಅಲ್ಲಿದ್ದ ಅಂತ ಹೇಳಲಾಗದಿದ್ದರೆ ವಿಡಿಯೊ ಇದ್ದೂ ಇಲ್ಲದ ಹಾಗೆ.

ಒಂದು ಅಪಘಾತದ ಕೇಸು. ರಸ್ತೆ ಕಡೆ ಮುಖ ಮಾಡಿದ್ದ ಕ್ಯಾಮೆರಾ ಇದ್ದದ್ದು ಒಂದು ಬೇಕರಿಯಲ್ಲಿ. 112ಕ್ಕೆ ಕರೆ ಹೋಗಿದ್ದು ಮಧ್ಯಾಹ್ನ 2.15ರ ಸುಮಾರಿಗೆ. ವಿಡಿಯೊದ ಮೂಲೆಯಲ್ಲಿ ಮಾತ್ರ ಗುದ್ದಿದ ಹೊತ್ತು 16:42 ಅಂತಿತ್ತು. ಬೇಕರಿಯವರನ್ನು ಕೇಳಿದೆ. "ಅದು ಮೊದ್ಲಿಂದ ಹಂಗೇ ಇದೆ ಸಾರ್, ಹಾಕಿಕೊಟ್ಟೋರು ಹಂಗೇ ಬಿಟ್ಟೋದ್ರು" ಅಂದರು.

ನಾನು ಮಾಡುವುದು ಇಷ್ಟೇ. ಫೋನಿನಲ್ಲಿ ಸೆಕೆಂಡು ಕಾಣುವ ಗಡಿಯಾರ ತೆರೆಯುತ್ತೇನೆ. ಅದನ್ನು ಮೊದಲೇ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಸಮಯಕ್ಕೆ ಹೋಲಿಸಿ ನೋಡಿರುತ್ತೇನೆ, ನಮ್ಮ ದೇಶದ ಅಧಿಕೃತ ಸಮಯ ಇಟ್ಟುಕೊಳ್ಳುವುದು ಅವರೇ. ಆಮೇಲೆ ಫೋನನ್ನು ಡಿವಿಆರ್ ಮಾನಿಟರ್ ಪಕ್ಕ ಹಿಡಿದು, ಇನ್ನೊಂದು ಕ್ಯಾಮೆರಾದಲ್ಲಿ ಎರಡೂ ಒಟ್ಟಿಗೆ ಕಾಣುವ ಹಾಗೆ ಅರ್ಧ ನಿಮಿಷ ವಿಡಿಯೊ ತೆಗೆಯುತ್ತೇನೆ. ಫೋಟೊಗಿಂತ ವಿಡಿಯೊ ವಾಸಿ, ಎರಡು ಕಡೆಯೂ ಸೆಕೆಂಡು ಬದಲಾಗುವುದು ಕಾಣುತ್ತದೆ.

ಬೇಕರಿಯಲ್ಲಿ ವ್ಯತ್ಯಾಸ ಸರಿಯಾಗಿ ಎರಡೂವರೆ ಗಂಟೆ ಬಂತು, ಒಂದು ಸೆಕೆಂಡು ಆಚೀಚೆ ಇಲ್ಲ. ಇಂಥ ಅಂಕಿ ಕಂಡ ತಕ್ಷಣ ನಾನು ಟೈಮ್ ಝೋನ್ ಸೆಟ್ಟಿಂಗ್ ತೆರೆಯುತ್ತೇನೆ. ಎಷ್ಟೋ ಡಿವಿಆರ್‌ಗಳು ಚೀನಾದಲ್ಲಿ ತಯಾರಾಗಿ, ಜಿಎಂಟಿ+8 ಅಂತಲೇ ಬಂದಿರುತ್ತವೆ. ನಮ್ಮದು +5:30. ಇಂಟರ್ನೆಟ್‌ನಿಂದ ಸಮಯ ಸರಿಯಾಗೇ ತಗೊಳ್ಳುತ್ತದೆ, ತೋರಿಸುವುದು ಮಾತ್ರ ಬೀಜಿಂಗ್ ಲೆಕ್ಕದಲ್ಲಿ! 16:42ರಲ್ಲಿ ಎರಡೂವರೆ ಗಂಟೆ ಕಳೆದರೆ 14:12. ಮೂರು ನಿಮಿಷಕ್ಕೆ 112ರ ಕರೆ. ಸರಿಹೋಯ್ತಲ್ವಾ?

ವ್ಯತ್ಯಾಸ 7 ನಿಮಿಷ 40 ಸೆಕೆಂಡಿನ ಹಾಗೆ ಅಡ್ಡಾದಿಡ್ಡಿ ಬಂದರೆ ಕಥೆ ಬೇರೆ. ಅದು ಗಡಿಯಾರ ನಿಧಾನಕ್ಕೆ ಜಾರಿರುವುದು, ಇಲ್ಲವೇ ಯಾರೋ ಕೈಯಲ್ಲಿ ಸೆಟ್ ಮಾಡಿರುವುದು. ಸಾಮಾನ್ಯ ಕ್ವಾರ್ಟ್ಸ್ ಹರಳು ಹತ್ತು ಲಕ್ಷಕ್ಕೆ 20 ಭಾಗ ತಪ್ಪಿದರೂ ದಿನಕ್ಕೆ 1.7 ಸೆಕೆಂಡು, ವರ್ಷಕ್ಕೆ ಹತ್ತು ನಿಮಿಷ. ಹಾಗಾಗಿ ಘಟನೆ ಆಗಿ ತಿಂಗಳಾದ ಮೇಲೆ ಅಳೆದರೆ, ನಡುವೆ ಎಷ್ಟು ಜಾರಿರಬಹುದು ಅಂತಲೂ ವರದಿಯಲ್ಲಿ ಬರೆಯಬೇಕು. 1970 ಅಥವಾ 2000ದ ಜನವರಿ 1 ಕಂಡರೆ ಒಳಗಿನ ಬಟನ್ ಸೆಲ್ ಸತ್ತಿರುವ ಸಾಧ್ಯತೆ ಜಾಸ್ತಿ. ಕರೆಂಟ್ ಹೋದಾಗಲೆಲ್ಲ ಅದು ಮೊದಲಿಂದ ಶುರು ಮಾಡುತ್ತದೆ.

ಐಪಿ ಕ್ಯಾಮೆರಾ (ನೆಟ್‌ವರ್ಕ್ ಮೂಲಕ ವಿಡಿಯೊ ಕಳಿಸುವಂಥದ್ದು) ಇರುವ ಕಡೆ ಇನ್ನೊಂದು ತಲೆನೋವಿದೆ. ಚಿತ್ರದ ಮೇಲೆ ಕಾಣುವ ಸಮಯ ಬಹಳ ಸಲ ಕ್ಯಾಮೆರಾ ಬರೆದದ್ದು. ಆ ವಿಡಿಯೊ ಉಳಿಸಿಡುವ ಪೆಟ್ಟಿಗೆ, ಅಂದರೆ ಎನ್‌ವಿಆರ್‌ನಲ್ಲಿ ಹುಡುಕುವಾಗ ಬರುವ ಸಮಯ ಎನ್‌ವಿಆರ್‌ನದ್ದು. ಗಡಿಯಾರ ಎರಡು. ಎರಡನ್ನೂ ಅಳೆಯಬೇಕು.

ಇಷ್ಟಾದ ಮೇಲೆ ಎಕ್ಸ್‌ಪೋರ್ಟ್. ಯಂತ್ರದ ಸ್ವಂತ ಫಾರ್ಮ್ಯಾಟ್‌ನಲ್ಲೇ ತೆಗೆಯುತ್ತೇನೆ, ಅದರ ಪ್ಲೇಯರ್ ಜೊತೆಗೆ. ಎಂಪಿ4 ಏನಿದ್ದರೂ ನೋಡೋಕೆ ಸುಲಭ ಅಂತ ಇನ್ನೊಂದು ಪ್ರತಿ. ಮಾನಿಟರ್ ಎದುರು ಫೋನ್ ಹಿಡಿದು ತೆಗೆದದ್ದು, ವಾಟ್ಸಾಪ್‌ನಲ್ಲಿ ವಿಡಿಯೊ ಆಗಿ ಕಳಿಸಿದ್ದು ಇವೆಲ್ಲ ಕೊನೆಯ ದಾರಿ. ವಾಟ್ಸಾಪ್ ಅದನ್ನು ಮತ್ತೆ ಕುಗ್ಗಿಸಿ ಹೊಸ ಫೈಲ್ ಮಾಡಿಬಿಡುತ್ತದೆ. ಸ್ಥಳದಲ್ಲೇ ಎಸ್‌ಎಚ್‌ಎ-256 ಹ್ಯಾಶ್ (ಫೈಲ್‌ನ ಬೆರಳಚ್ಚಿನಂಥ ಸಂಖ್ಯೆ, ಫೈಲ್ ಚೂರು ಬದಲಾದರೂ ಇದು ಬದಲಾಗುತ್ತದೆ) ತೆಗೆದು ಮಹಜರಿನಲ್ಲಿ ಬರೆಸುತ್ತೇನೆ. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ, ಎಲೆಕ್ಟ್ರಾನಿಕ್ ಸಾಕ್ಷ್ಯಕ್ಕೆ ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಜಾಗದಲ್ಲಿ ಈಗ 63ನೇ ಕಲಂ. ಅದರಡಿ ಕೊಡುವ ಸರ್ಟಿಫಿಕೇಟ್‌ನಲ್ಲಿ ಎರಡು ಭಾಗ: ಒಂದು ಸಾಕ್ಷ್ಯ ಕೊಡುವವರು ತುಂಬುವುದು, ಇನ್ನೊಂದು ತಜ್ಞರು ತುಂಬುವುದು. ಹ್ಯಾಶ್ ಎಷ್ಟು, ಯಾವ ವಿಧಾನದ್ದು ಅಂತ ಎರಡರಲ್ಲೂ ಕೇಳುತ್ತದೆ. ಆಮೇಲೆ ಮಾಡಿದರಾಯ್ತು ಅಂತ ಬಿಟ್ಟರೆ ಬೇಕರಿಯವರನ್ನು ಹುಡುಕಿಕೊಂಡು ಮತ್ತೆ ಅಲೆಯಬೇಕು.

ಈಗ ಕಾರಿನ ವೇಗದ ವಿಷಯ. ಬೇಕರಿಯ ಎಂಪಿ4 ಫೈಲ್ ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ) ಅಂತ ಹೇಳುತ್ತಿತ್ತು. ಅದನ್ನು ಸುಮ್ನೆ ನಂಬಬಾರದು. ಮೂಲೆಯ ಸೆಕೆಂಡು ಒಮ್ಮೆ ಬದಲಾದಾಗಿನಿಂದ ಇನ್ನೊಮ್ಮೆ ಬದಲಾಗುವವರೆಗೆ ಫ್ರೇಮ್ ಎಣಿಸಿದೆ. 12, 13, 12, 13. ಕೆಲವು ನಿಮಿಷಗಳ ಸರಾಸರಿ ತೆಗೆದರೂ ಹನ್ನೆರಡೂವರೆಯೇ. ಅಂದರೆ ಯಂತ್ರ ಅರ್ಧದಷ್ಟು ಫ್ರೇಮ್‌ಗಳನ್ನು ಮಾತ್ರ ಹಿಡಿದಿದೆ, ಎಕ್ಸ್‌ಪೋರ್ಟ್ ಮಾಡುವಾಗ 25 ಅಂತ ಹಣೆಪಟ್ಟಿ ಅಂಟಿಸಿದೆ. ಎಂಪಿ4ನಲ್ಲಿ ಜನ ದಡಬಡ ಓಡಾಡುವುದು ನೋಡಿದಾಗಲೇ ಅನುಮಾನ ಬಂದಿತ್ತು.

ರಸ್ತೆಯಲ್ಲಿ ಟೇಪ್ ಹಿಡಿದು ಅಳೆದ 9 ಮೀಟರ್ ದಾಟಲು ಕಾರಿಗೆ 15 ಫ್ರೇಮ್ ಬೇಕಾಯಿತು. 25ರ ಲೆಕ್ಕದಲ್ಲಿ ಅದು 0.6 ಸೆಕೆಂಡು, ಗಂಟೆಗೆ 54 ಕಿಲೋಮೀಟರ್. 12.5ರ ಲೆಕ್ಕದಲ್ಲಿ 1.2 ಸೆಕೆಂಡು, 27 ಕಿಲೋಮೀಟರ್. ಅದೇ ಕಾರು, ಅದೇ ವಿಡಿಯೊ. ಡ್ರೈವರ್ ಪಾಲಿಗೆ ಎಷ್ಟು ದೊಡ್ಡ ವ್ಯತ್ಯಾಸ ನೋಡಿ. ಇದರ ಮೇಲೂ ಒಂದು ಫ್ರೇಮ್ ಆಚೀಚೆ ಆಗಬಹುದು, ಹದಿನೈದರಲ್ಲಿ ಒಂದು ಅಂದರೆ ಸುಮಾರು 7 ಶೇಕಡಾ. ಹಾಗಾಗಿ ವರದಿಯಲ್ಲಿ 27 ಅಂತ ಒಂದೇ ಅಂಕಿ ಕೊಡುವುದಿಲ್ಲ, 25ರಿಂದ 29 ಅಂತ ಬರೆಯುತ್ತೇನೆ. ಮೂಲ ಫೈಲ್‌ನಲ್ಲಿ ಪ್ರತಿ ಫ್ರೇಮ್‌ಗೂ ಸಮಯ ಇದ್ದರೆ ಎಫ್‌ಎಫ್‌ಪ್ರೋಬ್ ಅದನ್ನು ಸಾಲಾಗಿ ತೋರಿಸುತ್ತದೆ, ಎಣಿಕೆಗೆ ತಾಳೆ ನೋಡಬಹುದು. ಪುಕ್ಕಟೆ ಸಾಫ್ಟ್‌ವೇರ್, ಆಜ್ಞೆ ಟೈಪ್ ಮಾಡುವ ಕಪ್ಪು ಪರದೆಗೆ ಹೆದರಬೇಡಿ.

ಅದೇ ಪಟ್ಟಿಯಲ್ಲಿ ಯಾವುದು ಐ-ಫ್ರೇಮ್, ಯಾವುದು ಪಿ-ಫ್ರೇಮ್ ಅಂತಲೂ ಕಾಣುತ್ತದೆ. ಐ-ಫ್ರೇಮ್ ಪೂರ್ತಿ ಚಿತ್ರ. ಪಿ-ಫ್ರೇಮ್‌ನಲ್ಲಿ ಇರುವುದು ಹಿಂದಿನದಕ್ಕಿಂತ ಏನು ಬದಲಾಯಿತು ಅನ್ನುವುದಷ್ಟೇ. ಪ್ಲೇಟ್ ಓದಲು ನಾನು ಮೊದಲು ಐ-ಫ್ರೇಮ್‌ಗಳನ್ನೇ ನೋಡುತ್ತೇನೆ. ಗಾಡಿ ನಿಂತಿದ್ದರೆ 16 ಫ್ರೇಮ್ ಸೇರಿಸಿ ಸರಾಸರಿ ತೆಗೆಯಬಹುದು, ಅಲ್ಲಲ್ಲಿ ಚೆಲ್ಲಿದ ಚುಕ್ಕಿಗಳ ಗಲಾಟೆ ಕಾಲು ಭಾಗಕ್ಕೆ ಇಳಿಯುತ್ತದೆ. ಇದ್ದದ್ದನ್ನೇ ಸೇರಿಸಿದ್ದು, ಹೊಸದೇನೂ ಹಾಕಿಲ್ಲ.

ಎಐ ಹಾಕಿ ಚಿತ್ರ ಚೊಕ್ಕ ಮಾಡುವುದನ್ನು ನಾನು ಸಾಕ್ಷ್ಯಕ್ಕೆ ಬಳಸುವುದಿಲ್ಲ. ಮಸುಕಾಗಿ 3 ಅಥವಾ 8 ಇರಬಹುದಾದ ಕಡೆ ಅದು ಅಂದವಾಗಿ 8 ಬರೆದುಕೊಡುತ್ತದೆ. 2024ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಿಂಗ್ ಕೌಂಟಿಯಲ್ಲಿ, ಒಂದು ಕೊಲೆ ಕೇಸಿನಲ್ಲಿ ಆರೋಪಿ ಕಡೆಯವರು ಎಐನಿಂದ ಸ್ಪಷ್ಟ ಮಾಡಿದ ಮೊಬೈಲ್ ವಿಡಿಯೊ ತಂದರು. ನ್ಯಾಯಾಧೀಶರು ಒಪ್ಪಲಿಲ್ಲ. ಕ್ಲೈಂಟ್ ತುಂಬಾ ಒತ್ತಾಯ ಮಾಡಿದರೆ ನಾನು ಈ ಕೇಸ್ ಹೇಳಿ ಕೂರಿಸುತ್ತೇನೆ.

ಅಂಗಡಿಯವರಿಗೆ ಫೋನ್ ಮಾಡಿದ ಮೊದಲ ನಿಮಿಷದಲ್ಲೇ ಹೇಳಿಬಿಡಬೇಕಾದದ್ದು ಒಂದಿದೆ: ಟೈಮ್ ಸರಿ ಮಾಡಬೇಡಿ. ಪಾಪ, ಒಳ್ಳೇ ಮನಸ್ಸಿನಿಂದ "ನೀವು ಬರೋ ಮುಂಚೆ ಸರಿ ಮಾಡಿಟ್ಟಿದೀನಿ ಸಾರ್" ಅನ್ನುವವರಿದ್ದಾರೆ. ಹಾಗೆ ಆಗಿದ್ದರೆ ಡಿವಿಆರ್‌ನ ಲಾಗ್ ತೆರೆದು ನೋಡಿ. ಸಮಯ ಬದಲಿಸಿದ ದಾಖಲೆ ಬಹಳಷ್ಟು ಯಂತ್ರಗಳಲ್ಲಿ ಅಲ್ಲಿ ಉಳಿದಿರುತ್ತದೆ. ಹಾರ್ಡ್ ಡಿಸ್ಕ್ ಮುಟ್ಟುವ ಮೊದಲೇ ಆ ಪುಟದ ಫೋಟೊ ತೆಗೆದುಕೊಳ್ಳಿ.