ಕೆಂಚನೂ ನಾನೂ ಹಂಚಿಕೊಂಡ ಬಿಟ್ಟಿ ಏಟು

ಪ್ರಾಣಿ ಜೊತೆಗಾರನ ಹುಚ್ಚು ನನಗೆ ಹತ್ತಿದ್ದು ಡಿ ಅಂಡ್ ಡಿ (ಡಂಜನ್ಸ್ ಅಂಡ್ ಡ್ರಾಗನ್ಸ್, ಮೇಜಿನ ಸುತ್ತ ಕೂತು ದಾಳ ಉರುಳಿಸಿ ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಆಡುವ ಆಟ) ಐದನೇ ಆವೃತ್ತಿಯಲ್ಲಿ, ಪ್ರಾಣಿಯೊಂದನ್ನು ಜೊತೆಗಿಟ್ಟುಕೊಂಡು ಕಾದುವ ಬೀಸ್ಟ್ ಮಾಸ್ಟರ್ ಪಾತ್ರ ಆಡುವಾಗ. 2014ರ ನಿಯಮದಲ್ಲಿ ತೋಳ ಕಚ್ಚಬೇಕೆಂದರೆ ನನ್ನ ಆಕ್ಷನ್ನನ್ನೇ, ಅಂದರೆ ನನ್ನ ಸರದಿಯ ಮುಖ್ಯ ಕೆಲಸವನ್ನೇ, ಅದಕ್ಕೆ ಬಿಟ್ಟುಕೊಡಬೇಕು. ಅದು ಕಚ್ಚಿದರೆ ನಾನು ಸುಮ್ಮನೆ, ನಾನು ಬಾಣ ಬಿಟ್ಟರೆ ಅದು ಸುಮ್ಮನೆ. 5ನೇ ಲೆವೆಲ್‌ವರೆಗೂ ಇದೇ ಕಥೆ. 2020ರಲ್ಲಿ ಬಂದ ಪರ್ಯಾಯ ನಿಯಮದಲ್ಲಿ ಬೋನಸ್ ಆಕ್ಷನ್ (ಅದೇ ಸರದಿಯ ಹೆಚ್ಚುವರಿ ಚಿಕ್ಕ ಕೆಲಸ) ಸಾಕು, ಒಪ್ಪುತ್ತೇನೆ. ಆದರೆ ನಾನು ಹುಡುಕುತ್ತಿದ್ದದ್ದು ಬೇರೆ. ನಾನು ಕಲಿತದ್ದು ನನ್ನ ಪ್ರಾಣಿಗೂ ಬರಬೇಕು. ಅದು ಸಿಕ್ಕಿದ್ದು ಅದೇ ಬಗೆಯ ಇನ್ನೊಂದು ಆಟವಾದ ಪಾತ್‌ಫೈಂಡರ್ ಮೊದಲ ಆವೃತ್ತಿಯ ಹಂಟರ್ ಪಾತ್ರದಲ್ಲಿ.

ಪಾತ್‌ಫೈಂಡರ್‌ನಲ್ಲಿ ಪಾತ್ರ ಲೆವೆಲ್ ಏರಿದಂತೆ ಆರಿಸಿಕೊಳ್ಳುವ ವಿಶೇಷ ವಿದ್ಯೆಗೆ ಫೀಟ್ ಅನ್ನುತ್ತಾರೆ. ಅದರಲ್ಲಿ ಟೀಮ್‌ವರ್ಕ್ ಫೀಟ್ ಅಂತ ಒಂದು ಜಾತಿ ಇದೆ. ಇಬ್ಬರ ಹತ್ತಿರವೂ ಇದ್ದರೆ ಮಾತ್ರ ಕೆಲಸ ಮಾಡುತ್ತದೆ. ನನ್ನ ಜೊತೆ ನೀನೂ ಒಂದು ತಗೋ ಅಂತ ನಮ್ಮ ಗುಂಪಿನ ಫೈಟರ್‌ನನ್ನು (ಯೋಧನ ಪಾತ್ರ ಆಡುವವನನ್ನು) ಒಂದು ಸಲ ಕೇಳಿ ನೋಡಿದ್ದೆ. "ನಿನ್ನ ಆಸೆಗೆ ನನ್ನ ಫೀಟ್ ಯಾಕೋ ಹಾಳು ಮಾಡ್ಲಿ ಮಗಾ?" ಅಂದ. ಅವನು ಹೇಳಿದ್ದು ಸರಿಯೇ. ಹಂಟರ್‌ಗೆ ಯಾರನ್ನೂ ಗೋಗರೆಯುವ ಕಷ್ಟ ಇಲ್ಲ. 3ನೇ ಲೆವೆಲ್‌ನಿಂದ ನನ್ನಲ್ಲಿರುವ ಪ್ರತಿ ಟೀಮ್‌ವರ್ಕ್ ಫೀಟ್ ತಾನಾಗಿಯೇ ನನ್ನ ಪ್ರಾಣಿಗೂ ಬರುತ್ತದೆ, ಅದಕ್ಕೆ ಅರ್ಹತೆ ಇದೆಯೋ ಇಲ್ಲವೋ ಯಾರೂ ಕೇಳುವುದಿಲ್ಲ.

ನನ್ನ ತೋಳಕ್ಕೆ ಕೆಂಚ ಅಂತ ಹೆಸರಿಟ್ಟೆ. ಆಟದ ಚೌಕಗಳ ಮೇಲಿಡಲು ಬೊಂಬೆ ಇರಲಿಲ್ಲ, ಚೆಸ್ಸಿನ ಕುದುರೆಯೇ ತೋಳ.

2ನೇ ಲೆವೆಲ್‌ಗೆ ಔಟ್‌ಫ್ಲ್ಯಾಂಕ್ ತೆಗೆದುಕೊಂಡೆ. ಶತ್ರುವಿನ ಆಚೆಗೊಬ್ಬ ಈಚೆಗೊಬ್ಬ ನಿಂತು ಹೊಡೆದರೆ 20 ಮುಖದ ದಾಳದಲ್ಲಿ ಬಿದ್ದದ್ದಕ್ಕೆ ಎಲ್ಲರಿಗೂ +2, ನಮಗಿಬ್ಬರಿಗೆ +4; ಮೊತ್ತ ಶತ್ರುವಿನ ರಕ್ಷಣೆಯ ಅಂಕಿ ಮುಟ್ಟಿದರೆ ಏಟು ತಗುಲಿದಂತೆ. 3ಕ್ಕೆ ಪ್ಯಾಕ್ ಫ್ಲ್ಯಾಂಕಿಂಗ್: ಕೆಂಚ ನನ್ನ ಪಕ್ಕದ ಚೌಕದಲ್ಲಿದ್ದು ಇಬ್ಬರಿಗೂ ಶತ್ರು ಎಟುಕುವಂತಿದ್ದರೆ ಸಾಕು, ಎದುರುಬದುರು ನಿಂತ ಲೆಕ್ಕವೇ. ಇದಕ್ಕೆ ಬುದ್ಧಿ 13 ಮತ್ತು ಕಾಂಬ್ಯಾಟ್ ಎಕ್ಸ್‌ಪರ್ಟೀಸ್ ಅನ್ನುವ ಫೀಟ್ ಬೇಕು, ಅದೂ ನನಗೆ. ತೋಳದ ಬುದ್ಧಿ 2 ಆದರೂ ಅಡ್ಡಿಯಿಲ್ಲ! ಕತ್ತಿ ಫಾಲ್ಷಿಯನ್, ಯಾಕೆಂದರೆ ಅದರ ಕ್ರಿಟಿಕಲ್ (ದುಪ್ಪಟ್ಟು ಪೆಟ್ಟು) ದಾಳದಲ್ಲಿ 18ರಿಂದ 20. ಔಟ್‌ಫ್ಲ್ಯಾಂಕ್‌ನಲ್ಲಿ ನನಗೆ ಕ್ರಿಟಿಕಲ್ ಬಿದ್ದರೆ ಕೆಂಚನಿಗೊಂದು ಅಟ್ಯಾಕ್ ಆಫ್ ಆಪರ್ಚುನಿಟಿ, ಅಂದರೆ ಸರದಿ ಇಲ್ಲದೆಯೇ ಹೊಡೆಯುವ ಅವಕಾಶ, ಸಿಗುತ್ತದೆ. ಅಷ್ಟುದ್ದ ಹೆಸರು ಹೇಳಲಾರದೆ ನಾವು ಅದನ್ನು ಬಿಟ್ಟಿ ಏಟು ಅಂತಲೇ ಕರೆಯುತ್ತೇವೆ.

ಕಾಗದದ ಮೇಲೆ ಇಷ್ಟು ಚಂದ. ಮೊದಲ ದೊಡ್ಡ ಕಾಳಗ ಅಸ್ಥಿಪಂಜರಗಳ ಜೊತೆ. ಕೆಂಚನನ್ನು ಛೂ ಬಿಟ್ಟೆ. ಆಟ ನಡೆಸುವ ಗೇಮ್ ಮಾಸ್ಟರ್ ತಲೆ ಎತ್ತದೆ ಕೇಳಿದರು, "ಅಟ್ಯಾಕ್ ಟ್ರಿಕ್ ಎಷ್ಟು ಸಲ ಕಲಿಸಿದ್ದೀಯಪ್ಪ?" ಒಂದು ಸಲ. ಒಂದು ಸಲ ಕಲಿತ ಪ್ರಾಣಿ ಮನುಷ್ಯರು, ದೈತ್ಯರು, ಬೇರೆ ಪ್ರಾಣಿಗಳ ಮೇಲಷ್ಟೇ ಎರಗುತ್ತದೆ. ಸತ್ತು ಎದ್ದವರನ್ನು ಕಚ್ಚಬೇಕಾದರೆ ಎರಡು ಟ್ರಿಕ್‌ನ ಜಾಗ ಕೊಡಬೇಕು. ಬಲವಂತ ಮಾಡಿ ನುಗ್ಗಿಸಲು ಹ್ಯಾಂಡಲ್ ಅನಿಮಲ್ ಅನ್ನುವ ಪ್ರಾಣಿ ಪಳಗಿಸುವ ಕೌಶಲದಲ್ಲಿ 25 ಬರಬೇಕಿತ್ತು, ನನಗೆ ಬಂದದ್ದು 19. ಅವತ್ತು ಚೆಸ್ಸಿನ ಕುದುರೆ ಮೂಲೆಯಲ್ಲಿ ನಿಂತು ಗುರ್ ಅನ್ನುತ್ತಿತ್ತು, ಒದೆ ತಿಂದದ್ದು ನಾನೊಬ್ಬನೇ. ಫೀಟ್ ಪಟ್ಟಿ ನೋಡುವ ಮುಂಚೆ ಟ್ರಿಕ್ ಪಟ್ಟಿ ನೋಡಿ ಅಂತ ಎಲ್ಲರಿಗೂ ಹೇಳುವುದು ಅದಕ್ಕೇ.

ಇನ್ನೊಂದು ತಾಪತ್ರಯ ಯಾರು ಮೊದಲು ಅನ್ನುವುದು. ನಮ್ಮಲ್ಲಿ ಇಬ್ಬರದೂ ಒಂದೇ ಸರದಿ, ಆದರೆ ಒಬ್ಬರದು ಮುಗಿದ ಮೇಲೆ ಇನ್ನೊಬ್ಬರದು. ಅವನು ಮೊದಲು ಹೋದರೆ ಪಕ್ಕದಲ್ಲಿ ನಾನಿಲ್ಲ, ನಾನು ಹೋದರೆ ಅವನಿಲ್ಲ. ಬೀಜ ವೃಕ್ಷದ ಕಥೆ. ಕೊನೆಗೆ ಕೆಂಚನನ್ನೇ ಮುಂದೆ ಬಿಡುವುದು ರೂಢಿಯಾಯಿತು. ತೋಳ ಕಚ್ಚಿದರೆ ಅದರ ಜೊತೆಗೇ ಶತ್ರುವನ್ನು ಕೆಡವಲು ಒಂದು ಪ್ರಯತ್ನ ಸಿಗುತ್ತದೆ. ಕೆಡವಿದರೆ, ನಾನು ಪಕ್ಕದಲ್ಲಿಲ್ಲದೆ +4 ಹೋದದ್ದು ಅವನಿಗೆ ನಷ್ಟವೇ ಅಲ್ಲ.

ಇದೆಲ್ಲ ಒಟ್ಟಿಗೆ ಫಲ ಕೊಟ್ಟದ್ದು 6ನೇ ಲೆವೆಲ್‌ನಲ್ಲಿ, ಪೇರ್ಡ್ ಆಪರ್ಚುನಿಸ್ಟ್ಸ್ ಬಂದ ಮೇಲೆ. ಇಬ್ಬರೂ ಅಕ್ಕಪಕ್ಕ ಇದ್ದರೆ ಬಿಟ್ಟಿ ಏಟಿಗೆ +4, ಮತ್ತು ಒಬ್ಬನಿಗೆ ಸಿಕ್ಕ ಬಿಟ್ಟಿ ಏಟು ಇನ್ನೊಬ್ಬನಿಗೂ. ಸೇತುವೆ ಕೆಳಗೆ ಒಂದು ಟ್ರೋಲ್. ರಕ್ಷಣೆ 16, ಪ್ರಾಣ 63. ಕೆಂಚ ಕಾಲು ಹಿಡಿದು ಕೆಡವಿದ, ನಾನು ಪಕ್ಕ ಬಂದು ಒಂದು ಏಟು ಹಾಕಿದೆ. ಟ್ರೋಲ್ ತನ್ನ ಸರದಿಯಲ್ಲಿ ಏಳಲು ಹೋಯಿತು. ಏಳುವುದೇ ಬಿಟ್ಟಿ ಏಟಿಗೆ ಆಹ್ವಾನ. ಏಟು ಬೀಳುವುದು ಅದು ಎದ್ದು ನಿಲ್ಲುವ ಮುಂಚೆ, ಹಾಗಾಗಿ ರಕ್ಷಣೆಯಲ್ಲಿ 4 ಕಮ್ಮಿ. ಔಟ್‌ಫ್ಲ್ಯಾಂಕ್ 4, ಪೇರ್ಡ್ 4. ಒಟ್ಟು 12ರ ಲಾಭ! ನನ್ನ ಮಾಮೂಲಿ ಲೆಕ್ಕ +8, ಈಗ +16, ಬೇಕಾದದ್ದು 12. ದಾಳದಲ್ಲಿ 1 ಬಿದ್ದರೆ ಮಾತ್ರ ತಪ್ಪಬೇಕು.

ಬಿತ್ತು 1.

ಮೇಜಿನ ಸುತ್ತ ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಕೆಂಚ ಮಾತ್ರ ಕಚ್ಚಿಯೇ ಬಿಟ್ಟ. ಮುಂದಿನ ಸುತ್ತಿನಲ್ಲಿ ನನಗೆ 19 ಬಿದ್ದು ಕ್ರಿಟಿಕಲ್ ಖಚಿತವಾಯಿತು, ಅವನಿಗೆ ಇನ್ನೊಂದು ಬಿಟ್ಟಿ ಏಟು. ಬೆಂಕಿ ಹಚ್ಚಿ ಮುಗಿಸಲು ನಮ್ಮ ಮಾಂತ್ರಿಕ ಇದ್ದ.

7ಕ್ಕೆ ತೋಳ ದೊಡ್ಡದಾಯಿತು, ನಾಲ್ಕು ಚೌಕ ಬೇಕು. ಮೈಸೂರ್ ಪಾಕ್ ಡಬ್ಬದ ಮುಚ್ಚಳ ಕತ್ತರಿಸಿ ಕುದುರೆಯ ಕೆಳಗಿಟ್ಟೆವು. ಬಲ ಸಿಕ್ಕಿತು, ಆದರೆ ಒಂದು ಚೌಕ ಅಗಲದ ಓಣಿಯಲ್ಲಿ ಅವನು ಮೈ ಮುದುರಿಕೊಂಡು ನುಸುಳಬೇಕು. ಅಂಟಿಕೊಂಡೇ ಇರುವುದರಿಂದ ಫೈರ್‌ಬಾಲ್ ಮಂತ್ರದ ಬೆಂಕಿ ಇಬ್ಬರ ಮೇಲೂ ಬೀಳುತ್ತದೆ. ಅವನಿಗೆ 3ನೇ ಲೆವೆಲ್‌ನಿಂದಲೇ ಇವೇಷನ್ ಇದೆ, ತಪ್ಪಿಸಿಕೊಂಡರೆ ಕೂದಲೂ ಸುಡುವುದಿಲ್ಲ. ನಾನು ತಪ್ಪಿಸಿಕೊಂಡರೂ ಅರ್ಧ ಬೇಯುತ್ತೇನೆ. ನನ್ನದು ಅವನಿಗೆ ಬರುತ್ತದೆ, ಅವನದು ನನಗೆ ಬರುವುದಿಲ್ಲ. ಈಗ ಶತ್ರು ಮಾಂತ್ರಿಕ ಕಂಡ ಕೂಡಲೇ ಅನಿಮಲ್ ಫೋಕಸ್‌ನಲ್ಲಿ (ಪ್ರಾಣಿಯ ಗುಣವನ್ನು ಮೈಮೇಲೆ ಕರೆದುಕೊಳ್ಳುವ ಹಂಟರ್‌ನ ಶಕ್ತಿ) ಇಲಿಯನ್ನು ಆವಾಹಿಸಿಕೊಂಡು ಇವೇಷನ್ ಎರವಲು ಪಡೆಯುತ್ತೇನೆ. ಅದೇ ಶಕ್ತಿಯಿಂದ ಗೂಳಿಯ ಬಲ ಕೆಂಚನ ಮೇಲೆ ದಿನವಿಡೀ ಇರುತ್ತದೆ, ಪ್ರಾಣಿಗೆ ಕಾಲದ ಮಿತಿ ಇಲ್ಲ. ನನಗೆ ಮಾತ್ರ ದಿನಕ್ಕೆ ಲೆವೆಲ್‌ಗೊಂದು ನಿಮಿಷ.

ಗೇಮ್ ಮಾಸ್ಟರ್ ಏನು ಪೆದ್ದರೇ? ಅವರ ರಾಕ್ಷಸರು ಈಗ ಬಿದ್ದರೆ ಏಳುವುದೇ ಇಲ್ಲ. ಮಲಗಿದಲ್ಲೇ, -4 ಹೋದರೆ ಹೋಗಲಿ ಅಂತ ಹೊಡೆಯುತ್ತಾರೆ. ಅದಕ್ಕೆ ಔಷಧಿ ಬ್ರೋಕನ್ ವಿಂಗ್ ಗ್ಯಾಂಬಿಟ್ ಅನ್ನುವ ಇನ್ನೊಂದು ಟೀಮ್‌ವರ್ಕ್ ಫೀಟ್. ನಾನು ಹೊಡೆದು, ಬೇಕೆಂದೇ ಮೈ ತೆರೆದುಕೊಟ್ಟು ಶತ್ರುವಿಗೆ ನನ್ನ ಮೇಲೆ +2 ಕೊಡುತ್ತೇನೆ. ಆ ಆಸೆಗೆ ಅವನು ನನಗೆ ಹೊಡೆದರೆ ಕೆಂಚನಿಗೆ ಬಿಟ್ಟಿ ಏಟು, ಕೆಂಚನಿಗೆ ಸಿಕ್ಕರೆ ನನಗೂ. ಅದಕ್ಕೆ ಬ್ಲಫ್ ಅನ್ನುವ ಯಾಮಾರಿಸುವ ಕೌಶಲದಲ್ಲಿ 5 ರ‍್ಯಾಂಕ್ ಬೇಕು. ಈಗ 8ನೇ ಲೆವೆಲ್, ಸದ್ದಿಲ್ಲದೆ 4 ತುಂಬಿಸಿದ್ದೇನೆ. ಕಾಡಲ್ಲಿರೋನಿಗೆ ಬ್ಲಫ್ ಯಾಕೋ ಅಂತ ಫೈಟರ್ ಕೇಳುತ್ತಲೇ ಇದ್ದಾನೆ. ಗೇಮ್ ಮಾಸ್ಟರ್ ಇನ್ನೂ ಕೇಳಿಲ್ಲ.